ಅವಳಿಗೆ ಹೇಳಿದ್ದು, ನನಗೆ ಹೇಳದ್ದು

ಹೊಸದಾಗಿ ಕೆಲಸಕ್ಕೆ ಸೇರುವ ನರ್ಸು ಹುಡುಗಿಯರಿಗಾಗಿ ನಾಲ್ಕು ಮಾತು ಬರೆದುಕೊಡಿ ಎಂದು ಕೇಳಿದವರು ನನ್ನಿಂದ ಏನನ್ನು ನಿರೀಕ್ಷಿಸಿದ್ದಾರೋ ಗೊತ್ತಿಲ್ಲ. ಆನೆ ದಾರಿಗೆ ಅಡ್ಡ ನಿಂತ ಕಥೆ, ಲಸಿಕೆ ಪೆಟ್ಟಿಗೆ ಹೊತ್ತು ಹಳ್ಳ ದಾಟಿದ ಕಥೆ, ಓಡುವ ಬಸ್ಸಿನಲ್ಲಿ ಹೆರಿಗೆ ಮಾಡಿಸಿದ ಕಥೆ ನನ್ನ ಹತ್ತಿರ ಬೇಕಾದಷ್ಟಿವೆ. ಮದುವೆ ಮನೆಗಳಲ್ಲಿ ಹೇಳಿ ಹೇಳಿ ಅವು ಸವೆದುಹೋಗಿವೆ. ಪೆನ್ನು ಹಿಡಿದು ಕೂತಾಗ ನನಗೆ ಮೊದಲು ನೆನಪಾಗುವುದು ನನ್ನ ಹೊಟ್ಟೆಕಿಚ್ಚು. ಹಾಗಾಗಿ ಅದನ್ನೇ ಬರೆಯುತ್ತೇನೆ.

ಆ ಹೊಟ್ಟೆಕಿಚ್ಚಿಗೆ ಕಾರಣಳಾದವಳ ಹೆಸರು ತೇನ್ಮೊಳಿ. ಘಾಟಿ ಕೆಳಗಿನ ಸೀಮೆಯವಳು, ನನ್ನ ಮಗಳಿಗಿಂತ ಚಿಕ್ಕವಳು, ಮದುವೆಯಾಗಿಲ್ಲ. ಮನೆ ಮನೆಗೆ ಹೋಗಿ ಮಂಡಿ ನೋವಿನವರಿಗೆ, ಲಕ್ವ ಹೊಡೆದವರಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್. ನಮ್ಮವರ ಬಾಯಲ್ಲಿ ಆಕೆ ಬಂದ ಸ್ವಲ್ಪ ದಿನಕ್ಕೇ ತೇನಮ್ಮನಾದಳು. ನಾನು ಇಡೀ ಕೆಲಸದ ಬದುಕಿನಲ್ಲಿ ಒಬ್ಬ ಹೆಂಗಸಿನ ಬಾಯಿಂದಲೂ ಕೇಳದ ಒಂದು ಮಾತನ್ನು ಈ ತೇನಮ್ಮ ಮನೆ ಮನೆಯಲ್ಲೂ ಕೇಳಿಸಿಕೊಂಡಳು. ಕೊನೆಗೆ ನನ್ನ ಸ್ವಂತ ಓರಗಿತ್ತಿ ಗೌರಮ್ಮನ ಬಾಯಿಂದಲೂ ಕೇಳಿಸಿಕೊಂಡಳು. ಗೌರಮ್ಮ ಅವಳಿಗೆ ಯಾಕೆ ಹೇಳಿದಳು, ನನಗೆ ಯಾಕೆ ಹೇಳಲಿಲ್ಲ ಎನ್ನುವುದು ಬಹಳ ಕಾಲ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಮೊದಲು ನನ್ನ ಕೆಲಸದ ವಿಷಯ. ತಮಿಳಿನಲ್ಲಿ ನನ್ನ ಹುದ್ದೆಗೆ ಕಿರಾಮ ಸೆವಿಲಿಯರ್, ಅಂದರೆ ಊರೂರು ತಿರುಗುವ ನರ್ಸು, ಎಂದು ಹೆಸರು. ತಮಿಳುನಾಡಿಗೆ ಸೇರಿದರೂ ಕನ್ನಡ ಮಾತಾಡುವ ನಮ್ಮ ತಾಳವಾಡಿ ಸೀಮೆಯಲ್ಲಿ ಆ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ. ಎಲ್ಲರಿಗೂ ನಾನು ನರ್ಸಮ್ಮ. ಹುಟ್ಟಿದ್ದು ಹಾಸನೂರಿನಲ್ಲಿ, ಓದಿದ್ದು ಈರೋಡಿನಲ್ಲಿ, ಮದುವೆಯಾಗಿ ಬಂದದ್ದು ಪಣಕಹಳ್ಳಿಗೆ. ನಾನು ಹೋಗುವ ಅರ್ಧಕ್ಕರ್ಧ ಮನೆಗಳು ಗಂಡನ ಕಡೆಯ ನೆಂಟರವು. ಇದು ನನ್ನ ಭಾಗ್ಯ ಎಂದೇ ಅಂದುಕೊಂಡಿದ್ದೆ. ಬೇರೆ ಊರಿನಿಂದ ಬರುವ ನರ್ಸುಗಳು ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು ಹೋಗುತ್ತಿದ್ದರು. ನಾನು ನೇರವಾಗಿ ಅಡಿಗೆಮನೆಗೇ ನುಗ್ಗುತ್ತಿದ್ದೆ. ಯಾರಿಗೆ ಮುಟ್ಟು ತಪ್ಪಿದೆ, ಯಾರ ಎದೆಹಾಲು ಬತ್ತಿದೆ, ಯಾವ ಸೊಸೆ ಕಾಪರ್‌ಟಿ ಹಾಕಿಸಿಕೊಂಡು ಅತ್ತೆಗೆ ಹೇಳಿಲ್ಲ, ಎಲ್ಲ ನನಗೆ ಗೊತ್ತಿರುತ್ತಿತ್ತು. ಈ ಸೀಮೆಯ ಹೆಂಗಸರ ಮೈಯಲ್ಲಿ ನನಗೆ ತಿಳಿಯದ ಮೂಲೆಯಿಲ್ಲ ಎಂಬ ಜಂಬ ನನಗಿತ್ತು.

ಇದರ ಜೊತೆಗೇ ನನ್ನ ಮೈಯ ವಿಷಯವನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎರಡನೆಯ ಹೆರಿಗೆಯಾದ ಮೇಲೆ ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ ನನಗೆ ಮೂತ್ರ ಸೋರುತ್ತಿತ್ತು. ಹಳೇ ಸೀರೆಯ ಬಟ್ಟೆ ಮಡಿಸಿ ಇಟ್ಟುಕೊಂಡೇ ಕೆಲಸಕ್ಕೆ ಹೋಗುತ್ತಿದ್ದೆ. ಒಂದು ಊರಿಗೆ ಕಾಲಿಟ್ಟರೆ ನಾನು ಮೊದಲು ಹೋಗುತ್ತಿದ್ದದ್ದು ಬಸುರಿಯ ಮನೆಗಲ್ಲ, ಬಚ್ಚಲು ಹತ್ತಿರವಿರುವ ಮನೆಗೆ. ನರ್ಸಮ್ಮ ಎಷ್ಟು ಚೆನ್ನಾಗಿ ಕೈಕಾಲು ತೊಳೆಯುತ್ತಾಳೆ ನೋಡಿ, ಶುಚಿ ಅಂದರೆ ಇದು ಎಂದು ಜನ ಹೊಗಳುತ್ತಿದ್ದರು. ನಾನು ಯಾರಿಗೂ ಹೇಳಲಿಲ್ಲ. ಡಾಕ್ಟರ ಪಕ್ಕದಲ್ಲೇ ಕೂತಿರುತ್ತಿದ್ದೆ, ಆದರೂ ಹೇಳಲಿಲ್ಲ. ಹೆತ್ತವರಿಗೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಾಗಿದ್ದೆ.

ಈ ಕಾಯಿಲೆಯ ವಿಷಯಕ್ಕೆ ಸರ್ಕಾರದ ಕಡೆಯಿಂದ ಒಮ್ಮೆ ಮೀಟಿಂಗು ಮಾಡಿದ್ದೆವು. ಆಗ ನಮಗೆ ಮೇಲಿನವರಾಗಿದ್ದ ಡಾಕ್ಟರಮ್ಮ ಒಳ್ಳೆಯವರು. ಆದರೆ ಯಾವ ಕೆಲಸವನ್ನೂ ಮಧ್ಯಾಹ್ನದ ಊಟದೊಳಗೆ ಮುಗಿಸಬೇಕು ಅನ್ನುವ ಸ್ವಭಾವ. ಮೂತ್ರ ಸೋರುವುದು, ಗರ್ಭಕೋಶ ಜಾರುವುದು ಯಾರಿಗಿದೆ ಎಂದು ವಿಚಾರಿಸಿ ವರದಿ ಕೊಡಿ ಎಂದು ಮೇಲಿನಿಂದ ಬಂದಿತ್ತು. ಡಾಕ್ಟರಮ್ಮ ಊರಿನ ಹೆಂಗಸರನ್ನೆಲ್ಲ ಸ್ಕೂಲಿಗೆ ಕರೆಸಿ ಎಂದರು. ಕರೆಸಿದೆ. ದೊಡ್ಡ ಜಮಖಾನದ ಮೇಲೆ ಅತ್ತೆಯ ಪಕ್ಕ ಸೊಸೆ, ಅತ್ತಿಗೆಯ ಪಕ್ಕ ನಾದಿನಿ, ತುಂಬಿ ಕೂತರು. ಡಾಕ್ಟರಮ್ಮ ಗೋಡೆಗೆ ಚಿತ್ರ ನೇತುಹಾಕಿ ತಮಿಳಿನಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಹೇಳಿದೆ. ಕೊನೆಗೆ ಅವರು, "ಈ ತೊಂದರೆ ಇರುವವರು ಕೈ ಎತ್ತಿ" ಅಂದರು.

ಒಂದು ಕೈಯೂ ಏಳಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಸಿದ್ದಮ್ಮಜ್ಜಿ ಆಕಳಿಸಿ, "ಏನ ನರ್ಸಮ್ಮ, ಇವತ್ತು ಸೂಜಿ ಆಕದಿಲ್ವಾ?" ಎಂದು ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ನಕ್ಕದ್ದಕ್ಕೆ ನನ್ನ ಬಟ್ಟೆ ಒದ್ದೆಯಾಯಿತು. ನಾನೂ ಕೈ ಎತ್ತಲಿಲ್ಲ. ಡಾಕ್ಟರಮ್ಮನಿಗೆ ಬಹಳ ಸಂತೋಷವಾಯಿತು. ಬೆಟ್ಟದ ಹೆಂಗಸರು ಗಟ್ಟಿ, ನಡೆದು ನಡೆದು ಇವರ ಮೈ ಕಬ್ಬಿಣದ ಹಾಗಾಗಿದೆ ಎಂದರು. ನಮ್ಮ ಸೀಮೆಯಲ್ಲಿ ಈ ಕಾಯಿಲೆಯೇ ಇಲ್ಲ ಎಂದು ವರದಿ ಹೋಯಿತು. ನಮ್ಮ ಹೆಂಗಸರನ್ನು ಹೊಗಳಿದರಲ್ಲ ಎಂದು ನನಗೂ ಹೆಮ್ಮೆಯೇ ಆಗಿತ್ತು.

ಇದೆಲ್ಲ ಆಗಿ ಎಷ್ಟೋ ವರ್ಷದ ಮೇಲೆ, ನಾನು ನಿವೃತ್ತಿಗೆ ಹತ್ತಿರ ಬಂದಿದ್ದಾಗ, ತೇನ್ಮೊಳಿ ಸ್ಕೂಟಿಯ ಮೇಲೆ ಬಂದಳು. ಅವಳಿಗೆ ಮನೆಗಳನ್ನು ತೋರಿಸುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಇಡೀ ಯೌವನ ನಾನು ಬಸ್ಸಿಗೆ ಕಾದು, ಬಸ್ಸು ತಪ್ಪಿದರೆ ನಡೆದು, ನಡೆದರೆ ಸೋರಿ ಕಳೆದವಳು. ಇವಳ ಸ್ಕೂಟಿ ನೋಡಿದ ಕೂಡಲೇ ನನಗೆ ಇವಳು ಹಿಡಿಸಲಿಲ್ಲ. ಕಾರಣ ಇಷ್ಟೇ, ಬೇರೇನೂ ಇಲ್ಲ. ಮೊದಲ ವಾರದಲ್ಲೇ ಒಬ್ಬರ ಮನೆಯಲ್ಲಿ ಅಳಿಯಂದಿರು ಬಂದಾಗ ಮಾತ್ರ ತೆಗೆಯುವ ಲೋಟದಲ್ಲಿ ಅವಳಿಗೆ ಕಾಫಿ ಕೊಟ್ಟರು. ಪಕ್ಕದಲ್ಲೇ ಕೂತ ನನಗೆ ದಿನದ ಲೋಟ. ಅದನ್ನು ಮನೆಗೆ ಬಂದು ಗಂಡನಿಗೆ ಹೇಳಿದೆ. ಕಾಫಿ ಒಂದೇ ತಾನೇ ಎಂದು ಅವರು ಪೇಪರ್ ಓದಿದರು.

ದೊಡ್ಡಗಾಜನೂರಿನಲ್ಲಿ ಮಗಳ ಮನೆಗೆ ಹೋಗಿ ಉಳಿದುಕೊಂಡಿದ್ದ ಸಿದ್ದಮ್ಮಜ್ಜಿಗೆ ಮಂಡಿ ನೋವಾಗಿತ್ತು. ನಾನೇ ತೇನ್ಮೊಳಿಯನ್ನು ಅಲ್ಲಿಗೆ ಕರೆದುಕೊಂಡು ಹೋದೆ. ತೇನ್ಮೊಳಿ ಚಾಪೆ ಹಾಸಿ ಅಜ್ಜಿಯನ್ನು ಮಲಗಿಸಿ ಕಾಲನ್ನು ಮಡಿಸುತ್ತಾ ಬಿಡಿಸುತ್ತಾ, ತನ್ನ ಮುರುಕು ಕನ್ನಡದಲ್ಲಿ, ಊಟ ಆಯ್ತಾ ಎಂದು ಕೇಳುವ ಹಾಗೆ ಕೇಳಿದಳು.

"ಅಜ್ಜಿ, ಕೆಮ್ಮಿದ್ರೆ ಸೀರೆ ಒದ್ದೆ ಆಗುತ್ತಾ?"

"ಆಯ್ತದ ಕಣವ್ವ. ಕೆಮ್ಮುದ್ರೂ ಆಯ್ತದ, ಬಿಂದ್ಗ ಎತ್ತುದ್ರೂ ಆಯ್ತದ."

"ಕೆಳಗೆ ಏನಾದ್ರೂ ಜಾರಿದಂಗೆ ಇರುತ್ತಾ?"

"ಸಂಜ ಒತ್ಗ ಇಳೀತದ. ಮನೀಕಂಡ್ರ ಒಳಕ್ಕೋಯ್ತದ. ಅದ್ಕೇನೀಗ?"

ನಾನು ಚಾಪೆಯ ಅಂಚಿನಲ್ಲಿ ಕೂತಿದ್ದೆ. ತಡೆಯಲಾರದೆ, "ಅಜ್ಜಿ, ಅವತ್ತು ಸ್ಕೂಲಲ್ಲಿ ಕೈ ಎತ್ತು ಅಂದ್ರೆ ಸೂಜಿ ಕೇಳಿದೆಯಲ್ಲ?" ಎಂದೆ.

"ಸೊಸ ಪಕ್ಕದಲ್ಲೇ ಕುಂತಿದ್ಲಲ್ಲ ಕಣಮ್ಮಿ. ನಾನ್ ಕೈ ಎತ್ತುದ್ರ ಅವ್ಳು ನಗಾಡಳು. ಅವ್ಳೂ ಎತ್ನಿಲ್ಲ. ಅವ್ಳಿಗೂ ಅದ."

ಇದಾದ ಮೇಲೆ ತೇನ್ಮೊಳಿ ಎಲ್ಲ ಮನೆಯಲ್ಲೂ ಕೇಳತೊಡಗಿದಳು. ಮಂಡಿ ನೋವೆಂದು ಕರೆದವರನ್ನು ಕೇಳಿದಳು, ಅವರಿಗೆ ನೀರು ತಂದುಕೊಟ್ಟ ಸೊಸೆಯನ್ನು ಒಳಮನೆಗೆ ಕರೆದು ಕೇಳಿದಳು, ಬಾಗಿಲಲ್ಲಿ ನಿಂತು ಇಣುಕಿದ ಪಕ್ಕದ ಮನೆಯವಳನ್ನೂ ಕೇಳಿದಳು. ಹೆಸರು ಹೇಳಿ ಬರೆಯುವುದು ತರವಲ್ಲ, ಹೇಳುವ ಅಗತ್ಯವೂ ಇಲ್ಲ. ಒಂದು ಬೀದಿಯಲ್ಲಿ ಈ ತೊಂದರೆ ಇಲ್ಲದ ಮನೆಯನ್ನು ಹುಡುಕಬೇಕಿತ್ತು. ಕೆಮ್ಮಿದರೆ ಸೋರುವವರು, ಬಚ್ಚಲು ಮುಟ್ಟುವಷ್ಟರಲ್ಲಿ ಒದ್ದೆಯಾಗುವವರು, ಗರ್ಭಕೋಶ ಕೆಳಗಿಳಿದು ನಡೆಯುವಾಗ ಅಡ್ಡ ಬರುವವರು, ಎಷ್ಟು ತಿಣುಕಿದರೂ ಮಲ ಹೋಗದವರು. ಮುದುಕಿಯರು ಮಾತ್ರವಲ್ಲ, ಮೊದಲ ಮಗು ಎತ್ತಿಕೊಂಡ ಹುಡುಗಿಯರೂ ಇದ್ದರು. ಇವರಲ್ಲಿ ಬಹಳ ಮಂದಿಯ ಮಕ್ಕಳನ್ನು ಹಿಡಿದದ್ದು ನನ್ನ ಕೈ.

ಅವಳು ಹೇಳುತ್ತಿದ್ದ ರೀತಿಯನ್ನು ಒಪ್ಪಿಕೊಳ್ಳಬೇಕು. ನಮ್ಮ ಡಾಕ್ಟರಮ್ಮನ ಗೋಡೆಯ ಚಿತ್ರ ಅವಳಿಗೆ ಬೇಕಿರಲಿಲ್ಲ. ಮೂತ್ರಕೋಶ, ಗರ್ಭಕೋಶ, ಮಲದ ಕರುಳು, ಈ ಮೂರನ್ನೂ ಕೆಳಗಿನಿಂದ ಹೊತ್ತಿರುವುದು ಒಂದು ಸ್ನಾಯುವಿನ ಜೋಲಿ ಎನ್ನುತ್ತಿದ್ದಳು. ಮಗು ಮಲಗಿಸುವ ಜೋಲಿ ಎಲ್ಲರ ಮನೆಯಲ್ಲೂ ತೂಗುತ್ತಿತ್ತಲ್ಲ, ಅದನ್ನೇ ತೋರಿಸುತ್ತಿದ್ದಳು. ಹೆರಿಗೆಯಲ್ಲಿ ಜೋಲಿ ಹಿಗ್ಗುತ್ತದೆ. ಬಾಣಂತನ ಮುಗಿಯುವ ಮೊದಲೇ ಸೌದೆ ಹೊರೆ, ನೀರಿನ ಕೊಡ, ಎಲೆಕೋಸಿನ ಮೂಟೆ ಹೊತ್ತರೆ ಮತ್ತೆ ಬಿಗಿಯಾಗುವುದಿಲ್ಲ. ಸ್ವಲ್ಪ ಹಿಗ್ಗಿದ್ದರೆ ವ್ಯಾಯಾಮ ಮಾಡಿ ಬಿಗಿ ಮಾಡಬಹುದು. ಬಹಳ ಜಾರಿದ್ದರೆ ಡಾಕ್ಟರು ರಬ್ಬರಿನ ಉಂಗುರ ಇಟ್ಟು ತಡೆಯುತ್ತಾರೆ, ಅದೂ ಆಗದಿದ್ದರೆ ಆಪರೇಷನ್. ಇಷ್ಟನ್ನು ನಾನೂ ಈರೋಡಿನಲ್ಲಿ ಓದಿ ಪಾಸಾಗಿದ್ದೆ. ಆದರೆ ನನ್ನ ಬಾಯಿಂದ ಅದು ಒಮ್ಮೆಯೂ ಹೊರಗೆ ಬಂದಿರಲಿಲ್ಲ.

ನನಗೆ ಹೊಟ್ಟೆ ಉರಿಯಿತು. ಸುಮ್ಮನೆ ಉರಿದುಕೊಂಡು ಕೂರುವವಳೂ ನಾನಲ್ಲ. ಕಂಡಲ್ಲೆಲ್ಲ, "ಆ ಹುಡುಗಿ ಹೆತ್ತಿಲ್ಲ, ಹೊತ್ತಿಲ್ಲ, ಅವಳಿಗೇನು ಗೊತ್ತು" ಎಂದು ಹೇಳಿಕೊಂಡು ಬಂದೆ. ಹೆಂಗಸರು ಹೌದು ಹೌದು ಎಂದು ತಲೆಯಾಡಿಸಿದರು, ಮಾರನೇ ದಿನ ಅವಳ ಸ್ಕೂಟಿಯ ಶಬ್ದ ಕೇಳಿದ ಕೂಡಲೇ ಚಾಪೆ ಹಾಸಿದರು. ಅವರೆಕಾಯಿ ಕಾಲದಲ್ಲಿ ಅವಳ ಸ್ಕೂಟಿಯ ಮುಂದೆ ಕಾಲಿಡಲು ಜಾಗವಿಲ್ಲದಷ್ಟು ಚೀಲ ಕಟ್ಟಿ ಕಳಿಸಿದರು. ನನಗೆ ಕೊಡದೇ ಇರುತ್ತಿರಲಿಲ್ಲ, ಆದರೆ ನನಗೆ ಕೊಟ್ಟ ಕಾಯಿ ಬಲಿತಿರುತ್ತಿತ್ತು, ಸೊಗಡೂ ಇರುತ್ತಿರಲಿಲ್ಲ. ನಾನು ಇದನ್ನೆಲ್ಲ ಗಮನಿಸುತ್ತಿದ್ದೆ.

ಈಗ ಗೌರಮ್ಮ. ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಮ್ಮೆರಡು ಮನೆಗೆ ಗೋಡೆ ಒಂದೇ, ಹಿತ್ತಲು ಒಂದೇ, ಬಟ್ಟೆ ಒಗೆಯುವ ಕಲ್ಲು ಒಂದೇ, ಒಣಗಿಸುವ ತಂತಿಯೂ ಒಂದೇ. ಅವಳ ಕೊನೆಯ ಮಗುವನ್ನು ಹಿಡಿದವಳು ನಾನು. ಮನೆಯ ಹಿರಿಸೊಸೆಯಾಗಿ ಸೋಮವಾರದ ಪೂಜೆ ಅವಳದು. ವಿಭೂತಿ, ಬಿಲ್ವಪತ್ರೆ ಇಟ್ಟ ತಟ್ಟೆಯನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಅಂಥವಳು ಒಂದು ದಿನ ಏಕಾಏಕಿ ತಟ್ಟೆ ತಂದು ನನ್ನ ಕೈಗಿಟ್ಟು, "ಇನ್ ಮ್ಯಾಕ ನೀನೇ ಮಾಡಮ್ಮಿ, ನನ್ ಕೈಲಾಗದು" ಎಂದಳು. ಆಮೇಲೆ ದೇವರ ಕೋಣೆಯ ಹೊಸ್ತಿಲು ದಾಟಲಿಲ್ಲ. ಕೈಲಾಗದೇ ಇರುವಷ್ಟು ವಯಸ್ಸೇನೂ ಅವಳಿಗೆ ಆಗಿರಲಿಲ್ಲ. ಅಂತೂ ನನ್ನ ಹಿರಿಮೆ ಒಪ್ಪಿಕೊಂಡಳು ಎಂದು ನಾನು ತಟ್ಟೆ ಹಿಡಿದೆ. ಒಳಗೆ ಬಟ್ಟೆ ಮಡಿಸಿಟ್ಟುಕೊಂಡೇ ದೀಪ ಹಚ್ಚುತ್ತಿದ್ದೆ. ನರ್ಸಿಗೆ ಮೈಲಿಗೆಯಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಇನ್ನೂ ಕೆಲವು ಬದಲಾವಣೆ ಅವಳಲ್ಲಿ ಆಗಿದ್ದವು. ಬೆಳ್ಳುಳ್ಳಿ ಹೊಲದಲ್ಲಿ ಎಲ್ಲರೂ ಕುಕ್ಕರುಗಾಲಲ್ಲಿ ಕೂತು ಕಳೆ ಕಿತ್ತರೆ ಅವಳು ನಿಂತು ಬಗ್ಗಿ ಕೀಳುತ್ತಿದ್ದಳು. ಮದುವೆಗೆ ಕರೆದರೆ ತಲೆನೋವು ಎನ್ನುತ್ತಿದ್ದಳು. ತಾಳವಾಡಿ ಸಂತೆಗೆ ಬಸ್ಸಿನಲ್ಲಿ ಹೋಗುವುದನ್ನೂ ಬಿಟ್ಟಳು. ಮಗ ಸಾಮಾನು ಸಾಗಿಸುವ ಮಿನಿಡೋರ್ ಗಾಡಿ ತೆಗೆದುಕೊಂಡ ಮೇಲೆ ಇವಳಿಗೆ ಸೊಕ್ಕು ಬಂದಿದೆ ಎಂದು ನಾನು ತೀರ್ಮಾನಿಸಿದ್ದೆ.

ನನಗೆ ನಿವೃತ್ತಿಯಾಯಿತು. ಹಾರ ಹಾಕಿದರು, ಫೋಟೋ ತೆಗೆದರು. ಅದರ ಮುಂದಿನ ವಾರ ಸಂತೆಯಿಂದ ಬಂದು ನೋಡಿದರೆ ಗೌರಮ್ಮನ ಬಾಗಿಲಲ್ಲಿ ತೇನ್ಮೊಳಿಯ ಸ್ಕೂಟಿ. ಬಾಗಿಲು ಮುಚ್ಚಿತ್ತು. ಒಳಗಿನಿಂದ ಗೌರಮ್ಮ ನಗುವುದು ಕೇಳಿಸಿತು. ನನ್ನ ಓರಗಿತ್ತಿ ಹಾಗೆ ನಕ್ಕದ್ದನ್ನು ನಾನು ಕೇಳಿ ಕಾಲವಾಗಿತ್ತು. ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತೆ. ನನ್ನ ಮನೆಗೆ ಬಂದ ನೆಂಟರನ್ನು ಪಕ್ಕದ ಮನೆಯವರು ಕರೆದು ಊಟಕ್ಕೆ ಕೂರಿಸಿಕೊಂಡ ಹಾಗಿತ್ತು ನನಗೆ.

ಆಮೇಲೆ ಅವಳು ಬರುತ್ತಲೇ ಇದ್ದಳು. ಒಂದು ದಿನ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಗೌರಮ್ಮ ಚಾಪೆಯ ಮೇಲೆ ಅಂಗಾತ ಮಲಗಿ, ಸೊಂಟದಡಿ ದಿಂಬಿಟ್ಟು, ಮಂಡಿ ಮಡಿಸಿ, ಉಸಿರು ಬಿಡುತ್ತಿದ್ದಳು. ನೋಡಿದ ತಕ್ಷಣ ನನಗೆ ತಿಳಿಯಿತು. ಆ ದಿಂಬು ಯಾಕೆ, ಆ ಬಾಗಿ ನಿಂತು ಕೀಳುವ ಕಳೆ ಯಾಕೆ, ಪೂಜೆಯ ತಟ್ಟೆ ನನ್ನ ಕೈಗೆ ಯಾಕೆ ಬಂತು, ಎಲ್ಲ ಒಟ್ಟಿಗೇ ತಿಳಿಯಿತು. ಮೂತ್ರ ಸೋರಿ ಒದ್ದೆಯಾದ ಬಟ್ಟೆಯಲ್ಲಿ ದೇವರ ಮುಂದೆ ಕೂರಬಾರದು ಎಂದು ಅವಳು ಹೊಸ್ತಿಲಾಚೆ ಉಳಿದಿದ್ದಳು.

ದುಃಖವಾಗಬೇಕಿತ್ತು. ಆಗಲಿಲ್ಲ ಎಂದಲ್ಲ, ಆದರೆ ಅದಕ್ಕಿಂತ ಮೊದಲು ಮೈ ಪರಚಿಕೊಳ್ಳುವಷ್ಟು ಸಿಟ್ಟು ಬಂತು. ಸ್ಕೂಟಿಯ ಹತ್ತಿರ ತೇನ್ಮೊಳಿಯನ್ನು ತಡೆದು ನಿಲ್ಲಿಸಿದೆ.

"ನಮ್ಮಕ್ಕನಿಗೆ ಏನಾಗಿದೆ?"

"ಅದು ನಾನ್ ಸೊಲ್ಲ ಕೂಡಾದು, ಅಮ್ಮ" ಎಂದಳು. "ನೀವೇ ಅವರನ್ನ ಕೇಳಿ."

"ನಾನೂ ನರ್ಸೇ ಕಣಮ್ಮ."

"ತೆರಿಯುಂ, ಗೊತ್ತು ಅಮ್ಮ. ಆದ್ರೂ ನಾನು ಹೇಳಬಾರದು. ಅವರು ನಂಬಿ ಹೇಳಿದ್ದು."

ಉತ್ತರ ಸರಿಯಾಗಿತ್ತು. ನಾನೇ ಆಗಿದ್ದರೂ ಹಾಗೇ ಹೇಳಬೇಕಿತ್ತು. ತಪ್ಪು ಹುಡುಕಲು ಏನೂ ಸಿಗದಿದ್ದರೆ ಹೊಟ್ಟೆಕಿಚ್ಚು ಇನ್ನೂ ಹೆಚ್ಚಾಗುತ್ತದೆ ಎಂದು ಅವತ್ತು ನನಗೆ ಗೊತ್ತಾಯಿತು.

ಗೌರಮ್ಮನಿಗೆ ವ್ಯಾಯಾಮ ಸಾಲಲಿಲ್ಲ. ಗರ್ಭಕೋಶ ಬಹಳ ಜಾರಿತ್ತು. ನಮ್ಮವರು ಸತ್ತಿ ಎನ್ನುವ ಸತ್ಯಮಂಗಲದ ಆಸ್ಪತ್ರೆಯಲ್ಲಿ ತೋರಿಸಿ, ಆಪರೇಷನ್ ಬೇಕಾಗಬಹುದು ಎಂದು ತೇನ್ಮೊಳಿ ಹೇಳಿದ್ದಳು. ಇದು ನನಗೆ ತಿಳಿದದ್ದು ಗೌರಮ್ಮನ ಮಗ ಬಂದು, "ಚಿಕ್ಕವ್ವ, ಅವ್ವನ್ನ ಬುಧವಾರ ಸತ್ತಿಗ ಕರ್ಕಂಡೋಯ್ತಾರ, ತೇನಮ್ಮ ಜೊತಲಿ ಓಯ್ತದ, ಒಲದ್ ಕಡ ವಸಿ ನೋಡ್ಕ" ಎಂದಾಗ. ಗಂಡ ಸತ್ತಾಗ ಅವಳ ಪಕ್ಕ ಕೂತವಳು ನಾನು. ಮಗನಿಗೆ ಹೆಣ್ಣು ನೋಡಲು ಹೋದಾಗ ಜೊತೆಗೆ ಹೋದವಳು ನಾನು. ಈಗ ಆಸ್ಪತ್ರೆಗೆ ಜೊತೆ ಹೋಗಲು ಆ ಹುಡುಗಿ, ಹೊಲ ನೋಡಿಕೊಳ್ಳಲು ನಾನು.

ಮಾರನೇ ಬೆಳಿಗ್ಗೆ ನಾನು ಬಟ್ಟೆ ಒಗೆದು ತಂತಿಗೆ ಹಾಕುತ್ತಿದ್ದೆ. ಗೌರಮ್ಮ ತನ್ನ ಬಕೆಟ್ಟು ತಂದಳು. ಇನ್ನು ನನ್ನಿಂದ ತಡೆಯಲಾಗಲಿಲ್ಲ.

"ಅಕ್ಕ, ನಿನ್ನ ಮಗೀನ ಈ ಕೈಲೇ ಹಿಡ್ದೆ. ನಂಗ ಯಾಕ ಏಳ್ಲಿಲ್ಲ?"

ಅವಳು ಏನು, ಎತ್ತ ಎಂದು ಕೇಳಲಿಲ್ಲ. ಸೀರೆ ಕೊಡವಿ ತಂತಿಗೆ ಹಾಕಿದಳು. "ಕ್ವಾಪಾನ?" ಎಂದಳು.

"ಕ್ವಾಪ ಅಲ್ಲ ಕಣಕ್ಕ, ಹೊಟ್ಟ ಉರೀತದ. ನೆನ್ನ ಮೊನ್ನ ಬಂದವ್ಳಿಗ ನೀ ಏಳ್ದೆ. ಇಷ್ಟು ವರ್ಸ ಗ್ವಾಡ ಪಕ್ಕದಲ್ಲಿದ್ದವ್ಳಿಗ ಬಾಯ್ ಬುಡ್ಲಿಲ್ಲ. ನಾನೇನ್ ಊರಿಗೆಲ್ಲ ಸಾರ್ತಿದ್ನಾ?"

ಗೌರಮ್ಮ ನನ್ನ ಪಕ್ಕಕ್ಕೆ ಬಂದಳು. ನಾನು ಆಗಷ್ಟೇ ಹಾಕಿದ್ದ ನನ್ನ ಹಸಿರು ಸೀರೆಯ ಅಂಚನ್ನು ತಂತಿಯ ಮೇಲಿನಿಂದ ಎತ್ತಿದಳು. ಅದರಡಿಯಲ್ಲಿ ನಾನು ಮಡಿಸಿ ಇಟ್ಟುಕೊಳ್ಳುವ ಬಟ್ಟೆಗಳು ಸಾಲಾಗಿ ಒಣಗುತ್ತಿದ್ದವು. ಮುಟ್ಟಿನ ಬಟ್ಟೆಯನ್ನು ಗಂಡಸರ ಕಣ್ಣಿಗೆ ಬೀಳದ ಹಾಗೆ ಸೀರೆಯ ಅಡಿಯಲ್ಲಿ ಒಣಗಿಸುವುದು ನಮ್ಮಲ್ಲಿ ಎಲ್ಲ ಹೆಣ್ಣುಮಕ್ಕಳೂ ಕಲಿತದ್ದು. ನಾನೂ ಹಾಗೇ ಹಾಕುತ್ತಿದ್ದೆ.

"ಇದೇನು?" ಎಂದಳು.

ನಾನು ಅಂಚು ಎಳೆದು ಮುಚ್ಚಲು ಹೋದೆ, ಅವಳು ಬಿಡಲಿಲ್ಲ.

"ನಿಂಗ ಮುಟ್ಟು ನಿಂತು ಯೇಸು ವರ್ಸ ಆಯ್ತು? ನಂಗಿಂತ ಮುಂಚೆ ನಿಂತದ ನಿಂಗ. ಆದ್ರೂ ದಿನಾ ಬಟ್ಟ ಒಗ್ದು ಸೀರ ಅಡೀಲಿ ಆಕ್ತಿದ್ದಿ. ನಂಗ ಕಣ್ಣಿಲ್ವಾ? ನಾನೂ ಅಂಗೇ ಆಕ್ತಿದ್ದಿ, ಆ ಕೊನೇಲಿ." ಅವಳು ಸೀರೆಯ ಅಂಚು ಬಿಟ್ಟಳು. "ನಂಗ ಶುರುವಾದಾಗ ನಿಂಗೇ ಏಳಮ ಅಂದ್ಕಂಡಿ. ಆಮ್ಯಾಕ ನಾನೇ ಯೋಚ್ನ ಮಾಡ್ದಿ. ಇವ್ಳು ನರ್ಸು. ಈರೋಡ್ಲಿ ಓದ್ದವ್ಳು, ಡಾಕುಟ್ರ ಪಕ್ಕದಲ್ಲಿ ಕುಂತ್ಕಳವ್ಳು. ಇವ್ಳೇ ಬಟ್ಟ ಮಡುಗ್ಕಂಡು ಓಡಾಡ್ತಾವ್ಳ ಅಂದ್ರ ಇದ್ಕ ಮದ್ದೇ ಇಲ್ಲ ಅಂತ ಅರ್ಥ. ಇದ್ದಿದ್ರ ಮೊದ್ಲು ನೀನೇ ತಕತಿರ್ನಿಲ್ವಾ? ಮದ್ದಿಲ್ದ ಕಾಯ್ಲ ಏಳಿ ನಿನ್ ಮನ್ಸು ಯಾಕ ನೋಯಿಸದು ಅಂತ ಸುಮ್ಗಾದಿ."

ನಾನು ಒಗೆಯುವ ಕಲ್ಲಿನ ಮೇಲೆ ಕೂತೆ.

"ನಾನೊಬ್ಳೇ ಅಲ್ಲ ಕಣಮ್ಮಿ" ಎಂದಳು ಗೌರಮ್ಮ, ಉಳಿದ ಬಟ್ಟೆ ಹಿಂಡುತ್ತಾ. "ನೀ ಓದ ಓದ ಮನೇಲೆಲ್ಲ ಮೊದ್ಲು ಬಚ್ಚಲ್ಗ ಓಯ್ತಿದ್ದಿ. ಎಂಗುಸ್ರಿಗ ಗೊತ್ತಾಗದಿಲ್ವಾ? ಎಲ್ರೂ ಅಂಗೇ ಅಂದ್ಕಂಡಿದ್ರು. ನರ್ಸಮ್ಮನ್ಗೇ ವಾಸಿಯಾಗ್ನಿಲ್ಲ, ನಮ್ದೇನು ಅಂತ. ಆ ತೇನಮ್ಮ ಬಂದು ಇದ್ಕ ಮದ್ದದ ಅಂದಾಗ್ಲೇ ನಮ್ಗ ಗೊತ್ತಾದದ್ದು."

ಅವರು ಹೇಳದೇ ಇದ್ದದ್ದು ನನ್ನನ್ನು ನಂಬದೇ ಇದ್ದದ್ದಕ್ಕಲ್ಲ. ನಂಬಿದ್ದಕ್ಕೇ ಹೇಳಲಿಲ್ಲ. ನನ್ನ ಓದನ್ನು ನಂಬಿದರು, ನನ್ನ ಮೈಯನ್ನು ನೋಡಿದರು, ಎರಡನ್ನೂ ಕೂಡಿಸಿ ಮದ್ದಿಲ್ಲ ಎಂದು ತೀರ್ಮಾನ ಮಾಡಿಕೊಂಡು ಸೌದೆ ಹೊತ್ತರು. ಹೊಸ ನರ್ಸು ಹುಡುಗಿಯರೇ, ನಾನು ನಿಮಗೆ ಹೇಳಬೇಕಾದ ನಾಲ್ಕು ಮಾತಿನಲ್ಲಿ ಮೂರು ಮಾತು ಇದೇ. ನೀವು ಹೇಳುವುದನ್ನು ಹೆಂಗಸರು ಕೇಳುತ್ತಾರೆ, ಆದರೆ ಅದಕ್ಕಿಂತ ಹೆಚ್ಚಾಗಿ ನಿಮ್ಮ ಬಟ್ಟೆಯ ತಂತಿಯನ್ನು ನೋಡುತ್ತಿರುತ್ತಾರೆ.

ಬುಧವಾರ ನಾನೂ ಹೋದೆ. ಹೊಲವನ್ನು ಮಗನೇ ನೋಡಿಕೊಳ್ಳಲಿ ಎಂದೆ. ದಿಂಬಂ ಘಾಟಿಯ ತಿರುವುಗಳಲ್ಲಿ ಬಸ್ಸು ಓಲಾಡಿದಾಗಲೆಲ್ಲ ಗೌರಮ್ಮ ಹಲ್ಲು ಕಚ್ಚಿ ತೇನ್ಮೊಳಿಯ ಕೈ ಹಿಡಿಯುತ್ತಿದ್ದಳು. ಇನ್ನೊಂದು ಪಕ್ಕದಲ್ಲಿ ನನ್ನ ಕೈ ಖಾಲಿಯೇ ಇತ್ತು. ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ಗೌರಮ್ಮನನ್ನು ಪರೀಕ್ಷೆ ಮಾಡಿ, ಆಪರೇಷನ್ನಿಗೆ ದಿನ ಗೊತ್ತುಮಾಡಿ, ಹೊರಡಿ ಎಂದರು. ಗೌರಮ್ಮ ಕುರ್ಚಿಯಿಂದ ಏಳಲಿಲ್ಲ.

"ಇವ್ಳ್ನೂ ನೋಡಿ ತಾಯಿ" ಎಂದಳು ನನ್ನ ಕಡೆ ಕೈ ತೋರಿಸಿ. "ನನ್ ಓರಗಿತ್ತಿ. ನರ್ಸು. ಬಾಯ್ಬುಟ್ಟು ಏಳಾಕಿಲ್ಲ."

ನನ್ನದು ಸೋರುವುದಷ್ಟೇ, ಜಾರಿಲ್ಲ, ವ್ಯಾಯಾಮ ಸಾಕು ಎಂದು ಡಾಕ್ಟರು ಹೇಳಿದರು. ಹೆರಿಗೆಯಾದ ಆ ಕಾಲದಲ್ಲೇ ಶುರು ಮಾಡಿದ್ದರೆ ಎಷ್ಟೋ ಹಿಂದೆಯೇ ಸರಿಹೋಗಬಹುದಿತ್ತು ಎಂದೂ ಹೇಳಿದರು. ಕಲಿಸುವವಳು ಯಾರು ಎಂದು ಹೇಳಬೇಕಾಗಿಲ್ಲ.

ಆಪರೇಷನ್ ಆಗಿ ಚೇತರಿಸಿಕೊಂಡ ಮೇಲೆ ಗೌರಮ್ಮ ಮೊದಲು ಮಾಡಿದ ಕೆಲಸ ಪೂಜೆಯ ತಟ್ಟೆಯನ್ನು ನನ್ನ ಕೈಯಿಂದ ವಾಪಸ್ಸು ತೆಗೆದುಕೊಂಡದ್ದು. ಕೇಳಲೂ ಇಲ್ಲ. ತಟ್ಟೆಯಿಲ್ಲದ ಸೋಮವಾರ ನನಗೆ ಕೈ ಮುರಿದ ಹಾಗಿತ್ತು, ಅದನ್ನು ಬಚ್ಚಿಡುವುದಿಲ್ಲ. ಅವಳಿಗೂ ಡಾಕ್ಟರು ವ್ಯಾಯಾಮ ಬಿಡಬಾರದು ಎಂದಿದ್ದರಿಂದ ತೇನ್ಮೊಳಿ ಇಬ್ಬರಿಗೂ ಒಂದೇ ಚಾಪೆಯ ಮೇಲೆ ಮಾಡಿಸುತ್ತಿದ್ದಳು. ಮೂತ್ರ ತಡೆಹಿಡಿಯುವಾಗ ಬಿಗಿಯುವಂತೆ ಒಳಗಿನ ಸ್ನಾಯು ಬಿಗಿಯಬೇಕು, ಹಾಗೇ ಹಿಡಿಯಬೇಕು, ನಿಧಾನಕ್ಕೆ ಬಿಡಬೇಕು. ಹೊಟ್ಟೆಯನ್ನಾಗಲಿ ತೊಡೆಯನ್ನಾಗಲಿ ಬಿಗಿಯಬಾರದು, ಉಸಿರು ಕಟ್ಟಬಾರದು. "ಗೌರಮ್ಮ ಚೆನ್ನಾಗಿ ಮಾಡ್ತಾರೆ. ನೀವು ಮುಖ ಬಿಗಿ ಮಾಡ್ತೀರ, ಅಮ್ಮ" ಎನ್ನುತ್ತಿದ್ದಳು. ಗೌರಮ್ಮ ಪಕ್ಕದಲ್ಲಿ ಮಲಗಿ ನಗುತ್ತಿದ್ದಳು. ಆ ನಗು ನಿಲ್ಲಿಸಬೇಕೆಂಬ ಹಟಕ್ಕೇ ನಾನು ಒಂದು ದಿನವೂ ತಪ್ಪಿಸಲಿಲ್ಲ.

ತಿಂಗಳುಗಳು ಕಳೆದವು. ಗೌರಮ್ಮ ದಿನವೂ ಹಿತ್ತಲಲ್ಲಿ ತಂತಿಯ ಮೇಲಿನ ನನ್ನ ಸೀರೆಯ ಅಂಚು ಎತ್ತಿ ನೋಡುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ಬಟ್ಟೆಗಳ ಸಾಲು ಕಡಿಮೆಯಾಗುತ್ತಾ ಬಂತು. ಒಂದು ಬೆಳಿಗ್ಗೆ ಎತ್ತಿ ನೋಡಿ, ಬೇಲಿಯಾಚೆಗೂ ಕೇಳುವ ದನಿಯಲ್ಲಿ, "ಏನೂ ಇಲ್ವಲ್ಲಮ್ಮಿ ಇವತ್ತು" ಎಂದಳು. ನಾನು ಸುಮ್ಮನಿರೆಂದು ಸನ್ನೆ ಮಾಡಿದೆ. ಅವಳು ಅದೇ ಮಾತನ್ನು ಇನ್ನೂ ಜೋರಾಗಿ ಹೇಳಿದಳು.

ಎರಡು ದಿನ ಬಿಟ್ಟು, ಬೇಲಿಯಾಚೆಯ ಹಿಂದಿನ ಮನೆಯ ಭಾಗ್ಯ ನನ್ನ ಬಾಗಿಲಿಗೆ ಬಂದಳು. ಮದುವೆಯಾಗಿ ಬಂದ ಸೊಸೆ, ಎರಡನೆಯ ಮಗು ಇನ್ನೂ ಕಂಕುಳಲ್ಲಿತ್ತು. ಬೀದಿಯ ಆ ತುದಿಯಲ್ಲಿ ತೇನ್ಮೊಳಿಯ ಸ್ಕೂಟಿ ನಿಂತಿರುವುದು ನಮ್ಮಿಬ್ಬರಿಗೂ ಕಾಣುತ್ತಿತ್ತು. ಭಾಗ್ಯ ಆ ಕಡೆ ನೋಡಲಿಲ್ಲ. ಒಳಗೆ ಬಂದು, ಮಗುವನ್ನು ಇಳಿಸಿ, ತಲೆ ತಗ್ಗಿಸಿ ಹೇಳಿದಳು.

"ದೊಡ್ಡವ್ವ, ನಂಗ ಸೀನುದ್ರ ಸೀರ ಒದ್ದಾಯ್ತದ. ನಿಮ್ಗ ವಾಸಿಯಾಯ್ತಂತಲ್ಲ. ಅದ್ಕ ಬಂದಿ."

ನಾನು ಚಾಪೆ ಹಾಸಿದೆ. ಅಳಿಯ ಬಂದಾಗ ಮಾತ್ರ ತೆಗೆಯುವ ಲೋಟದಲ್ಲಿ ಅವಳಿಗೆ ಕಾಫಿ ಕೊಟ್ಟು, "ನಂಗೂ ಇತ್ತು ಕಣವ್ವ" ಎಂದು ಮೊದಲಿನಿಂದ ಹೇಳತೊಡಗಿದೆ. ತೇನ್ಮೊಳಿಯನ್ನು ಕರೆಯಬೇಕಿತ್ತು, ಸರಿಯಾಗಿ ಪರೀಕ್ಷೆ ಮಾಡಿ ಕಲಿಸುವವಳು ಅವಳೇ. ಕರೆದೆ ಕೂಡ. ಆದರೆ ಭಾಗ್ಯ ತನ್ನದನ್ನು ಪೂರ್ತಿ ಹೇಳಿ ಮುಗಿಸುವವರೆಗೆ ಕರೆಯಲಿಲ್ಲ.